ಕಲ್ಲಿನ ಪುಡಿ, ಕಾಡಿನ ದರಗು

ಇಂಗ್ಲಿಷಿನಲ್ಲಿ ‘ಡೆಟ್ರೈಟಸ್’ ಎಂಬ ಶಬ್ದವೊಂದುಂಟು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ತೇಯ್ದು ಸವೆದುದು ಎಂದರ್ಥ. ನಿತ್ಯದ ಮಾತಿನಲ್ಲಿ ಅದು ಬರಿಯ ಕಸ. ಶಾಸ್ತ್ರದಲ್ಲಾದರೋ ಅದಕ್ಕೆ ಎರಡು ಅರ್ಥಗಳುಂಟು. ಎರಡನ್ನೂ ನಾವು ಮಲೆನಾಡಿನಲ್ಲಿಯೇ ಕಾಣಬಹುದು.

ಭೂವಿಜ್ಞಾನಿಯು ಹೀಗೆ ಕರೆಯುವುದು ಬಂಡೆ ಸವೆದು ಉಂಟಾದ ನುರುಜುಗಲ್ಲು, ಮರಳು, ಮೆಕ್ಕಲುಗಳನ್ನು. ಶೃಂಗೇರಿಯ ತುಂಗೆಯೂ ನರಸಿಂಹರಾಜಪುರದ ಕಡೆಯ ಭದ್ರೆಯೂ ಮಳೆಗಾಲದಲ್ಲಿ ಕೆಂಪಾಗುವುದು ಇಂತಹ ಮಣ್ಣನ್ನು ಹೊತ್ತೇ. ಜೀವವಿಜ್ಞಾನಿಗೆ ಅದು ಕೊಳೆಯುತ್ತಿರುವ ಎಲೆ, ಕಡ್ಡಿ, ಜೀವಿಗಳ ಅವಶೇಷ. ಕೊಪ್ಪದ ಕೃಷಿಕರು ಒಣಗಿ ಉದುರಿದ ಎಲೆಯನ್ನು ದರಗು ಎನ್ನುವರು. ಗುಡಿಸಿ ತಂದ ದರಗು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸಗಣಿಯೊಡನೆ ಬೆರೆತು, ಗೊಬ್ಬರವಾಗಿ ಅಡಕೆಯ ಬುಡವನ್ನು ಸೇರುವುದು. ಕಾಡಿನಲ್ಲಿ ಉಳಿದುದನ್ನು ಗೆದ್ದಲು, ಎರೆಹುಳು, ಅಣಬೆಗಳು ಮಣ್ಣಾಗಿಸುವುವು.

ಈ ಎರಡು ಅರ್ಥಗಳಿಗೂ ನಂಟುಂಟು. ದರಗಿನ ಹೊದಿಕೆಯು ಮಳೆಯ ಹೊಡೆತವನ್ನು ತಡೆದು ನೀರನ್ನು ಇಂಗಿಸುವುದು. ಅದನ್ನು ಪೂರ್ತಿಯಾಗಿ ಗುಡಿಸಿದರೆ ಅಥವಾ ಸುಟ್ಟರೆ, ಬರಿದಾದ ನೆಲದ ಮೇಲ್ಮಣ್ಣು ಹೊಳೆಗೆ ಕೊಚ್ಚಿಹೋಗುವುದು. 1960ರ ದಶಕದಲ್ಲಿ ಮುಗಿದ ಲಕ್ಕವಳ್ಳಿಯ ಭದ್ರಾ ಜಲಾಶಯದಂತಹ ಕಡೆ ಹೂಳಾಗಿ ನಿಲ್ಲುವುದು. ಬೆಟ್ಟಕ್ಕೂ ನಷ್ಟ, ಕೆಳಗಿನ ಗದ್ದೆಗಳಿಗೂ ನಷ್ಟ. ಆದುದರಿಂದ ದರಗನ್ನು ತರುವಾಗ ನೆಲದ ಪಾಲನ್ನು ನೆಲಕ್ಕೇ ಬಿಟ್ಟು ಬರುವುದು ಲೇಸು.