ಹಳೇ ಇ-ಮೇಲ್ ಥಟ್ಟನೆ ಸಿಗಬೇಕೇ?

ಫ್ರಿಜ್ ಕೆಟ್ಟು ಕೂತಿದೆ. ವಾರಂಟಿ ಮುಗಿಯಲು ಇನ್ನೆರಡೇ ದಿನ. ಬಿಲ್ ಇ-ಮೇಲ್‌ನಲ್ಲಿ ಬಂದಿತ್ತು, ನಿಜ. ಆದರೆ ಸಾವಿರಾರು ಮೇಲ್‌ಗಳ ನಡುವೆ ಅದೆಲ್ಲಿ? ಒಂದೊಂದೇ ಪುಟ ತಿರುವುತ್ತಾ ಕೂತರೆ ಒಲೆ ಮೇಲಿನ ಹಾಲು ಉಕ್ಕೀತೇ ಹೊರತು ಬಿಲ್ ಸಿಗದು!

ಕಂಪ್ಯೂಟರ್‌ನಲ್ಲಿ ಜಿ-ಮೇಲ್ ತೆರೆದರೆ ಮೇಲ್ಗಡೆಯೇ ಹುಡುಕುವ ಪೆಟ್ಟಿಗೆ ಇರುತ್ತದೆ. ಅದರ ಬಲತುದಿಯ ಪುಟ್ಟ ಚಿಹ್ನೆ ಒತ್ತಿ. ಒಂದು ಫಾರಂ ತೆರೆದುಕೊಳ್ಳುತ್ತದೆ. ಎಲ್ಲವನ್ನೂ ತುಂಬಬೇಕಿಲ್ಲ, ನೆನಪಿರುವಷ್ಟು ಸಾಕು.

* 'ಫ್ರಮ್' ಎಂಬಲ್ಲಿ ಕಳಿಸಿದವರ ಹೆಸರು ಬರೆಯಿರಿ. ಪೂರ್ತಿ ವಿಳಾಸ ಗೊತ್ತಿಲ್ಲದಿದ್ರೂ ಚಿಂತೆಯಿಲ್ಲ.

* 'ಹ್ಯಾಸ್ ದ ವರ್ಡ್ಸ್' ಎಂಬಲ್ಲಿ ಮೇಲ್‌ನಲ್ಲಿರಬಹುದಾದ ಪದ ಹಾಕಿ. 'ಬಿಲ್' ಎಂದರೆ ಸಿಗಲಿಲ್ವೇ? ಇಂಗ್ಲಿಷ್‌ನಲ್ಲಿ 'ಇನ್‌ವಾಯ್ಸ್' ಎಂದು ಬರೆದು ನೋಡಿ.

* ದೀಪಾವಳಿ ಹೊತ್ತಿಗೆ ಕೊಂಡ ನೆನಪೇ? 'ಡೇಟ್ ವಿದಿನ್' ಎಂಬಲ್ಲಿ ಒಂದು ತಿಂಗಳು ಆರಿಸಿ, ಹಬ್ಬದ ತಾರೀಕು ಕೊಡಿ. ಅದರ ಆಸುಪಾಸಿನ ಮೇಲ್‌ಗಳಷ್ಟೇ ಬರುತ್ತವೆ.

* 'ಹ್ಯಾಸ್ ಅಟ್ಯಾಚ್‌ಮೆಂಟ್' ಮುಂದೆ ಗುರುತು ಹಾಕಿದರೆ ಫೈಲ್ ಲಗತ್ತಿಸಿದ ಮೇಲ್‌ಗಳು ಮಾತ್ರ ಉಳಿಯುತ್ತವೆ.

ಆದರೂ ಸಿಗಲಿಲ್ಲವೇ? ಮಾಮೂಲಿ ಹುಡುಕಾಟ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯೊಳಗೆ ಇಣುಕುವುದಿಲ್ಲ. ಫಾರಂನ 'ಸರ್ಚ್' ಪಟ್ಟಿಯಲ್ಲಿ ಅವೆರಡನ್ನೂ ಸೇರಿಸಿ ಹುಡುಕುವ ಆಯ್ಕೆಯಿದೆ. ತಡಮಾಡಬೇಡಿ, ಕೈತಪ್ಪಿ ಅಳಿಸಿದ ಮೇಲ್ ಕಸದ ಬುಟ್ಟಿಯಲ್ಲಿರುವುದು 30 ದಿನ ಮಾತ್ರ. ಆಮೇಲೆ ತಾನಾಗೇ ಮಾಯ!

ಬಿಲ್ ಸಿಕ್ತು ತಾನೇ? ಕೂಡಲೇ ಅದಕ್ಕೆ 'ಮನೆ ಬಿಲ್' ಎಂದು ಲೇಬಲ್ ಕೊಡಿ. ಸಾಸಿವೆ, ಜೀರಿಗೆ ಡಬ್ಬಗಳಿಗೆ ಚೀಟಿ ಅಂಟಿಸ್ತೀವಲ್ಲ, ಹಾಗೇ. ಮುಂದಿನ ಸಲ ಹುಡುಕುವ ಗೋಜೇ ಇರದು.