ಕೊಂಕಣ ಸುತ್ತಿ ಮರ್ಮಗೋವಾಕ್ಕೆ

ನಮ್ಮ ತಂದೆಯವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಭಾನಾಪುರದ ಆಚೀಚೆಯ ಹಳಿಗಳ ಮೇಲೆಯೇ ಅವರ ಆಯುಷ್ಯ ಸವೆಯಿತು. ಆಗ ನಮ್ಮದು ಮೀಟರ್ ಗೇಜ್ ಮಾರ್ಗ. ಹೊಸಪೇಟೆ ಕಡೆಯಿಂದ ಕೆಂಪು ಅದಿರು ತುಂಬಿಕೊಂಡ ಗೂಡ್ಸ್ ಗಾಡಿ ಬಂದರೆ ನಾನು ಡಬ್ಬಿ ಎಣಿಸುತ್ತ ನಿಲ್ಲುತ್ತಿದ್ದೆ. ಒಮ್ಮೆ ಕೇಳಿದೆ: "ಇವೆಲ್ಲಾ ಎಲ್ಲಿಗೆ ಹೊಕ್ಕಾವಪ್ಪಾ?"

"ಮರ್ಮಗೋವಾಕ್ಕ. ಅಲ್ಲಿ ಹಳಿ ಮುಗಿದು ಸಮುದ್ರ ಚಾಲೂ ಆಕ್ಕೈತಿ."

ಅವರು ಆ ಸಮುದ್ರವನ್ನು ನೋಡಲೇ ಇಲ್ಲ. ನಾನೂ ನೋಡುತ್ತಿರಲಿಲ್ಲವೇನೋ. ಆದರೆ ಪುಣೆಯಲ್ಲಿ ಕೆಲಸಕ್ಕಿರುವ ಮಗ ತನ್ನ ಉಳಿತಾಯದಲ್ಲಿ ನಾಲ್ಕು ಜನಕ್ಕೆ ಹಡಗಿನ ಟಿಕೆಟ್ ತೆಗೆಸಿ, "ಕಳೆದ ಮೂವತ್ತು ವರ್ಷದಿಂದ ಸಾಲಿ ಬಿಟ್ಟು ಎಲ್ಲೂ ಹೋಗಿಲ್ಲ, ಈಗ ಬರಬೇಕು" ಎಂದು ಹಟ ಹಿಡಿದ. ಹೀಗೆ ಕಳೆದ ಡಿಸೆಂಬರ್‌ನಲ್ಲಿ ನಾನು, ನನ್ನ ಮನೆಯವರು, ಮಗ ಮತ್ತು ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಗೋವಾಕ್ಕೆ ಹೊರಟ ಹಡಗು ಹತ್ತಿದೆವು. ಕೊಪ್ಪಳದ ನಿಲ್ದಾಣದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದ್ದರೆ ಅದು ನೇರವಾಗಿ ವಾಸ್ಕೋಗೇ ಮುಟ್ಟಿಸುತ್ತಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಗಾದೆಯನ್ನು ನಾವು ನಿಜ ಮಾಡಿದೆವು!

ತೇಲುವ ಊರು

ಹಡಗಿನ ಹೆಸರು ಎಂಪ್ರೆಸ್. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು. ಹಲವು ಕಾಲ ಬೇರೆ ಸಮುದ್ರಗಳಲ್ಲಿ ಓಡಾಡಿ, 2021ರ ಸೆಪ್ಟೆಂಬರ್‌ನಿಂದ ಮುಂಬೈಯಿಂದ ಪ್ರವಾಸ ಆರಂಭಿಸಿತು. ಉದ್ದ 210 ಮೀಟರ್‌ಗೂ ಹೆಚ್ಚು. ಅಂದರೆ ನಮ್ಮ ಶಾಲೆಯ 200 ಮೀಟರ್ ಓಟವನ್ನು ಅದರ ಮೇಲೆ ತಿರುವಿಲ್ಲದೆ ಓಡಿಸಬಹುದು. ಅದರ ಟನ್ನೇಜ್ 48 ಸಾವಿರಕ್ಕೂ ಮಿಗಿಲು. ಇದನ್ನು ತೂಕವೆಂದು ಮಕ್ಕಳು ತಪ್ಪು ತಿಳಿಯಬಾರದು. ಹಡಗಿನ ಒಳಗಿನ ಒಟ್ಟು ಜಾಗದ ಅಳತೆಯಿಂದ ಬರುವ ಸಂಖ್ಯೆಯದು.

ನನ್ನ ಮನೆಯವರ ತವರು ಕುಷ್ಟಗಿ ತಾಲ್ಲೂಕು. ನೀರನ್ನು ಅಳೆದು ಬಳಸಿದ ಜೀವ. ಕೋಣೆಯ ನಲ್ಲಿ ತಿರುವಿದೊಡನೆ ಸಿಹಿನೀರು ಧೋ ಎಂದು ಬಿದ್ದಾಗ ಗಾಬರಿಯಾಗಿ ನಿಲ್ಲಿಸಿಬಿಟ್ಟರು. "ಸುತ್ತಲೂ ಉಪ್ಪುನೀರು, ಇಷ್ಟು ಮಂದಿಗೆ ಈ ನೀರು ಎಲ್ಲಿಂದ ಬರತೈತ್ರಿ?" ಎಂದು ಕೇಳಿದರು. ಕುಷ್ಟಗಿ, ಯಲಬುರ್ಗಾ ಹಳ್ಳಿಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು, ಅದಕ್ಕಾಗಿ ಊರೂರಿಗೆ ಶುದ್ಧ ನೀರಿನ ಘಟಕ ಹಾಕಿರುವುದು ಓದುಗರಿಗೆ ಗೊತ್ತು. ಹಡಗಿನಲ್ಲೂ ಅದೇ ಉಪಾಯ. ಪ್ರತಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರನ್ನು ಹೆಚ್ಚಿನ ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿದರೆ ಲವಣ ಹಿಂದೆ ಉಳಿದು ನೀರು ಮುಂದೆ ಬರುತ್ತದೆ. ದೊಡ್ಡ ಹಡಗುಗಳಲ್ಲಿ ಎಂಜಿನ್ನಿನ ಬಿಸಿಯಿಂದ ನೀರನ್ನು ಆವಿಮಾಡಿ ತಣಿಸುವ ಪದ್ಧತಿಯೂ ಉಂಟು. "ಅಂದ್ರ ನಮ್ಮೂರ ಘಟಕಾನ ಇದು, ಕಾಯಿನ್ ಹಾಕೂದಿಲ್ಲ ಅಷ್ಟ" ಎಂದು ಅವರು ಸಮಾಧಾನಪಟ್ಟರು.

ಹಳಿ ಮುಗಿಯುವ ಜಾಗ

ಬೆಳಗಿನ ಹೊತ್ತಿಗೆ ಹಡಗು ಜುವಾರಿ ನದಿಯ ಬಾಯಿಗೆ ಬಂದಿತ್ತು. ಬಂದರಿನಿಂದ ಸಣ್ಣ ದೋಣಿಯೊಂದು ಬಂದು ಪಕ್ಕಕ್ಕೆ ಅಂಟಿಕೊಂಡಿತು; ಒಬ್ಬರು ಹಗ್ಗದ ಏಣಿ ಹಿಡಿದು ಮೇಲೆ ಏರಿದರು. ಇವರು ಬಂದರಿನ ಪೈಲಟ್. ಕ್ಯಾಪ್ಟನ್ ಎಷ್ಟೇ ಅನುಭವಿಯಾಗಿದ್ದರೂ ಆ ಬಂದರಿನ ಆಳ, ಸೆಳವು, ಮರಳು ದಿಬ್ಬ ಬಲ್ಲ ಸ್ಥಳೀಯನ ಮಾತು ಕೇಳಲೇಬೇಕು. ಆನೆಗೊಂದಿಯಲ್ಲಿ ತುಂಗಭದ್ರೆ ದಾಟುವಾಗ ಎಂಥ ದೊಡ್ಡ ಮನುಷ್ಯನೂ ಹರಿಗೋಲಿನವನು ಹೇಳಿದಲ್ಲಿಯೇ ಕೂರುವುದಿಲ್ಲವೆ? ಹಾಗೆಯೇ ಇದು.

ಮರ್ಮಗೋವಾ ಬಂದರೂ ರೈಲೂ ಜೋಡಿಯಾಗಿ ಬೆಳೆದವು. 1880ರ ದಶಕದಲ್ಲಿ ಪೋರ್ಚುಗೀಸರ ಆಡಳಿತದಲ್ಲಿದ್ದಾಗಲೇ ಘಟ್ಟ ಹತ್ತಿಸಿ, ದೂಧಸಾಗರ ಜಲಪಾತದ ಮಗ್ಗುಲಿನಿಂದ ಹಳಿ ಎಳೆದು, ಬಂದರನ್ನು ನಮ್ಮ ಬಯಲುಸೀಮೆಗೆ ಜೋಡಿಸಿದರು. ಗೋವಾ ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್‌ನಲ್ಲಿ. ಡೆಕ್ಕಿನ ಕಂಬಿ ಹಿಡಿದು ನಿಂತಾಗ ಸಾಲು ಡಬ್ಬಿಗಳು ಕಂಡವು. ಈಗ ಅದಿರಿಗಿಂತ ಹೆಚ್ಚಾಗಿ, ಹಡಗಿನಿಂದ ಇಳಿದ ಕಲ್ಲಿದ್ದಲು ಅದೇ ಮಾರ್ಗವಾಗಿ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಏರುತ್ತದೆ. ಕೊಪ್ಪಳದ ಗೇಟಿನಲ್ಲಿ ನಿಂತು ನಾವು ಬಯ್ಯುವ ಉದ್ದನೆಯ ಗಾಡಿ ಅದೇ. ನಮ್ಮಪ್ಪ ಬಡಿದು ಬಿಗಿಗೊಳಿಸಿದ ಹಳಿಯ ಇನ್ನೊಂದು ತುದಿಯನ್ನು ನೋಡುತ್ತ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಟ್ಯಾಕ್ಸಿಯ ಹುಡುಗ

ಸಂಜೆ ನಾಲ್ಕರೊಳಗೆ ಹಡಗಿಗೆ ಮರಳಬೇಕೆಂದು ಹೇಳಿ ನಮ್ಮನ್ನು ಇಳಿಸಿದರು. ಬಂದರಿನ ಹೊರಗೆ ಮಗ ಹಿಂದಿಯಲ್ಲಿ ಟ್ಯಾಕ್ಸಿ ಚೌಕಾಸಿ ಮಾಡುತ್ತಿದ್ದ. ಚಾಲಕ, ನಲವತ್ತರ ಆಸುಪಾಸಿನ ಮನುಷ್ಯ, ಅವನ ಮಾತು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

"ಸರ, ನೀವು ಯಲಬುರ್ಗಾ ಕಡೆ ಸಾಲ್ಯಾಗ ವಿಜ್ಞಾನ ಹೇಳ್ತಿದ್ರಲ್ಲರಿ?"

ನನಗೆ ಗುರುತು ಹತ್ತಲಿಲ್ಲ. ಅವನೇ ನೆನಪು ಮಾಡಿಕೊಟ್ಟ. 1999ರ ಸುಮಾರಿಗೆ ಎಂಟನೆಯ ಇಯತ್ತೆ. ನಾನು ಆರ್ಕಿಮಿಡಿಸ್ ತತ್ವವನ್ನು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದಾಗ ಅವನು ಎದ್ದು ಕೇಳಿದನಂತೆ: "ಮೊಳಿ ಮುಳುಗತೈತಿ, ಕಬ್ಬಿಣದ ಹಡಗ ಯಾಕ ಮುಳುಗೂದಿಲ್ರಿ?" ಹುಡುಗರು ನಕ್ಕರಂತೆ. ಪೋರ್ಷನ್ ಮುಗಿಸುವ ಅವಸರದಲ್ಲಿ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನಂತೆ. ನನಗೆ ಅದು ನೆನಪೇ ಇಲ್ಲ. ಅವನಿಗೆ ಇದೆ.

ಆ ವರ್ಷವೇ ಮಳೆ ಕೈಕೊಟ್ಟು ತಂದೆತಾಯಿಯೊಡನೆ ಗೋವಾಕ್ಕೆ ಗುಳೆ ಬಂದ. ನಮ್ಮ ಆಗಿನ ನಾಲ್ಕೂ ತಾಲ್ಲೂಕುಗಳಿಂದ ಹಾಗೆ ಹೊರಟವರು ಎಷ್ಟು ಜನವೋ! ವಾಸ್ಕೋದ ಬೈನಾದಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2004ರಲ್ಲಿ ಅಲ್ಲಿನ ಮನೆಗಳನ್ನು ಕೆಡವಿದಾಗ ಅವರದೂ ಹೋಯಿತು. ಮುಂದೆ ಅದಿರು ಸಾಗಿಸುವ ಬಾರ್ಜಿನಲ್ಲಿ ಕೆಲಸ. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಾಗ ಅದೂ ಹೋಗಿ, ಸ್ಟಿಯರಿಂಗ್ ಹಿಡಿದ. ಇಷ್ಟನ್ನೂ ಗಾಡಿ ಓಡಿಸುತ್ತ, ಬೇರೆಯವರ ಕತೆಯೆಂಬಂತೆ ಹೇಳಿದ.

"ಆ ಪ್ರಶ್ನೆಗೆ ಉತ್ತರ ಸಿಕ್ಕಿತೇನೋ ತಮ್ಮಾ?" ಎಂದೆ.

"ಬಾರ್ಜು ಕಲಿಸ್ತರಿ. ಖಾಲಿ ಇದ್ದಾಗ ಮ್ಯಾಲೆ ಇರತೈತಿ. ಅದಿರು ಬಿದ್ದಾಂಗ ಕೆಳಗ ಇಳಿತೈತಿ, ಇಳಿದಷ್ಟು ನೀರು ಪಕ್ಕಕ್ಕ ಸರಿತೈತಿ. ಸರಿದ ನೀರಿನ ತೂಕ, ಬಾರ್ಜು ಮತ್ತ ಅದಿರಿನ ತೂಕ ಎರಡೂ ಸಮ ಆದಲ್ಲೇ ನಿಲ್ಲತೈತಿ. ಮೊಳಿಗೆ ಹೊಟ್ಟಿ ಇಲ್ರಿ, ಅದು ಎಷ್ಟು ನೀರು ಸರಸೀತು? ಪಕ್ಕಕ್ಕ ಒಂದು ಗೆರಿ ಬಡಿದಿರತಾರ, ಅದು ಮುಳುಗೂಮಟ ತುಂಬಬಾರದು. ಇನ್ನೊಂದು ಮೋಜು ಅಂದ್ರ, ಮಳಿಗಾಲ ಮುಗಿದ ಹೊಸದಾಗ ಮ್ಯಾಲೆ ಸಿಹಿನೀರಿನ್ಯಾಗ ತುಂಬಿದ ಬಾರ್ಜು ಸಮುದ್ರದ ಬಾಯಿಗೆ ಬಂದ್ರ ಎರಡು ಮೂರು ಬೆರಳು ಮ್ಯಾಲೆ ಏಳತೈತ್ರಿ."

ನನ್ನ ಮಗಳು ಸೀಟಿನ ತುದಿಗೆ ಬಂದು ಕೇಳುತ್ತಿದ್ದಳು. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಆದ್ದರಿಂದ ಅಷ್ಟು ಕಡಿಮೆ ನೀರು ಸರಿದರೂ ಸಾಕು. ಅವನು ಹೇಳಿದ ಗೆರೆಗೆ ಪ್ಲಿಮ್ಸಾಲ್ ರೇಖೆಯ ಇತಿಹಾಸವಿದೆ. ಲಾಭದಾಸೆಗೆ ಮಿತಿಮೀರಿ ಹೇರಿದ ಹಡಗುಗಳು ನಾವಿಕರೊಡನೆ ಮುಳುಗುತ್ತಿದ್ದಾಗ, ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಬ್ರಿಟನ್ನಿನಲ್ಲಿ ಹೋರಾಡಿ 1876ರಲ್ಲಿ ಅದನ್ನು ಕಾನೂನಿನಿಂದ ಕಡ್ಡಾಯ ಮಾಡಿಸಿದ. ಇಂದಿಗೂ ಹಡಗಿನ ಪಕ್ಕದಲ್ಲಿ ಸಿಹಿನೀರಿಗೆ ಬೇರೆ, ಉಪ್ಪುನೀರಿಗೆ ಬೇರೆ ಗೆರೆಗಳಿರುತ್ತವೆ. ನಾನು ಮೂವತ್ತು ವರ್ಷ ಹೇಳಿದ ಪಾಠವನ್ನು, ನಾನೇ ಬೆಂಚಿನ ಮೇಲೆ ನಿಲ್ಲಿಸಿದವನು ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದ.

ನೌಕಾಪಡೆಯ ವಿಮಾನ ಸಂಗ್ರಹಾಲಯ ನೋಡಿಸಿದ ಮೇಲೆ, "ಅಕ್ಕಾರ, ನಮ್ಮನಿಗೆ ಬಂದು ಒಂದು ರೊಟ್ಟಿ ತಿಂದು ಹೋಗಬೇಕ್ರಿ" ಎಂದು ಪಟ್ಟು ಹಿಡಿದ. ಎರಡು ಕೋಣೆಯ ಬಾಡಿಗೆ ಮನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳು ಪಲ್ಯ. ನಾವು ತಂದ ಬುತ್ತಿ ಮುಂಬೈ ದಾರಿಯಲ್ಲೇ ಮುಗಿದಿತ್ತು. ಎಲ್ಲರೂ ಸಂಕೋಚ ಬಿಟ್ಟು ಉಂಡೆವು.

ಅವನ ಮಗಳು ಹತ್ತನೆಯ ತರಗತಿ. ನಾಚುತ್ತ ಒಂದು ನೋಟ್‌ಬುಕ್ ತಂದು ತೋರಿಸಿದಳು. ಎರಡು ತಿಂಗಳಿಂದ ದಂಡೆಯ ಒಂದು ಕಲ್ಲು ಗುರುತು ಇಟ್ಟುಕೊಂಡು, ಭರತದ ನೀರು ಅದನ್ನು ಮುಚ್ಚುವ ಹೊತ್ತನ್ನು ಬರೆದಿಟ್ಟಿದ್ದಳು. "ದಿನಾ ಸುಮಾರು 50 ನಿಮಿಷ ತಡ ಆಗತೈತ್ರಿ ಸರ. ಚಂದ್ರ ಹುಟ್ಟೂದೂ ಅಷ್ಟ ತಡ ಆಗತೈತಿ. ಎರಡಕ್ಕೂ ಸಂಬಂಧ ಐತೇನ್ರಿ?" ಯಾರೂ ಹೇಳಿಕೊಡದೆ ಆ ಹುಡುಗಿ ಅಲ್ಲಿಗೆ ಬಂದು ನಿಂತಿದ್ದಳು. ಈ ಸಲ ನಾನು ಅವಸರ ಮಾಡಲಿಲ್ಲ. ನೆಲದ ಮೇಲೆ ಕೂತು, ಲೋಟ ಮತ್ತು ಲಿಂಬೆಹಣ್ಣು ಇಟ್ಟುಕೊಂಡು ಭೂಮಿ, ಚಂದ್ರರ ಲೆಕ್ಕ ವಿವರಿಸಿದೆ.

ಮರಳುವಾಗ ಬಂದರಿನ ಗೇಟಿನಲ್ಲಿ ಅವನು ದನಿ ತಗ್ಗಿಸಿ ಕೇಳಿದ: "ಹತ್ತು ಮುಗಿದ ಮ್ಯಾಲೆ ಊರಿಗೆ ಕಳಿಸಿ ಲಗ್ನ ಮಾಡ್ರಿ ಅಂತಾಳ ನಮ್ಮವ್ವ. ಗಾಡಿ ಸಾಲ ಬ್ಯಾರೆ ಐತಿ. ಮುಂದ ಓದಿಸಲೇನ್ರಿ ಸರ?"

"ನಿನ್ನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದೆ. ಅಕಿನ್ನ ನೀ ಕೂಡಸಬ್ಯಾಡ" ಎಂದೆ. ಬಾಡಿಗೆ ಹಣವನ್ನು ಮಗ ಒತ್ತಾಯದಿಂದ ಅವನ ಕಿಸೆಗೆ ತುರುಕಿದ.

ಎರಡು ಬಾರಿ ಮುಳುಗಿದ ಸೂರ್ಯ

ಸಂಜೆ ಹಡಗು ದಡ ಬಿಟ್ಟಿತು. ಒಳಗೆ ಸಂಗೀತ, ಕುಣಿತ, ಬಗೆಬಗೆಯ ಊಟ. ನನಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಮಗಳು ಒಂದು ಪ್ರಯೋಗ ಹೂಡಿದಳು. ನಾನು ನೀರಿನಿಂದ ಸುಮಾರು 10 ಮೀಟರ್ ಎತ್ತರದ ಡೆಕ್ಕಿನಲ್ಲಿ, ಅವಳು ಸುಮಾರು 30 ಮೀಟರ್ ಎತ್ತರದ ಮೇಲಿನ ಡೆಕ್ಕಿನಲ್ಲಿ; ಇಬ್ಬರ ಗಡಿಯಾರವೂ ಒಂದೇ. ಭೂಮಿ ದುಂಡಗಿರುವುದರಿಂದ ಮೇಲಿದ್ದವರಿಗೆ ದಿಗಂತ ದೂರ: 30 ಮೀಟರಿನಿಂದ ಸುಮಾರು 20 ಕಿಲೋಮೀಟರ್. ಹಾಗಾಗಿ ಸೂರ್ಯ ತಡವಾಗಿ ಮುಳುಗಬೇಕು. ಲೆಕ್ಕದ ಪ್ರಕಾರ ಸುಮಾರು 20 ಸೆಕೆಂಡ್. ನಮಗೆ ಬಂದದ್ದು 17. ಕೈಗಡಿಯಾರದ ಪ್ರಯೋಗಕ್ಕೆ ಅದು ಕಡಿಮೆಯೇನಲ್ಲ. ಕೊಪ್ಪಳದ ಕೋಟೆ ಹತ್ತಿದವರು ಕೆಳಗೊಬ್ಬ ಗೆಳೆಯನನ್ನು ನಿಲ್ಲಿಸಿ ಇದನ್ನು ಮಾಡಿ ನೋಡಬಹುದು.

ಕತ್ತಲಾದ ಮೇಲೆ ನಮ್ಮ ಮನೆಯವರು ಬಂದು ಪಕ್ಕದಲ್ಲಿ ಕೂತರು. ದೂರದಲ್ಲಿ ವಾಸ್ಕೋದ ದೀಪಗಳು ಸಣ್ಣದಾಗುತ್ತಿದ್ದವು. "ಆ ಹುಡುಗಿ ಏನು ಮಾಡಾಕತ್ತಿರಬೇಕು?" ಎಂದರು. ಭರತದ ಹೊತ್ತು ಬರೆಯುತ್ತಿರಬೇಕು ಎಂದೆ.

ಊರಿಗೆ ಬಂದ ಮೇಲೆ ಎಂಟನೆಯ ತರಗತಿಗೆ ಒಂದು ಬಕೆಟ್ ನೀರು, ಒಂದು ಮೊಳೆ, ಒಂದು ತಗಡಿನ ಡಬ್ಬಿ ಒಯ್ದೆ. ಡಬ್ಬಿ ತೇಲಿತು, ಅದನ್ನೇ ಜಜ್ಜಿ ಉಂಡೆ ಮಾಡಿ ಬಿಟ್ಟಾಗ ಮುಳುಗಿತು. ಪೋರ್ಷನ್ ಒಂದು ದಿನ ಹಿಂದೆ ಬಿತ್ತು, ಬೀಳಲಿ. ವಾಸ್ಕೋದಿಂದ ಭಾನುವಾರಕ್ಕೊಮ್ಮೆ ಫೋನ್ ಬರುತ್ತದೆ. ಪ್ರತಿ ಸಲ ಒಂದು ಹೊಸ ಪ್ರಶ್ನೆ. ಕಾಲೇಜಿನ ಮಾತನ್ನು ಅವಳ ತಂದೆ ಇನ್ನೂ ಎತ್ತಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಹೋಗಿ ಅವನೊಡನೆ ಕೂತು ಮಾತಾಡಿ ಬರಬೇಕೆಂದಿದ್ದೇನೆ. ಈ ಸಲ ಹಡಗು ಬೇಡ, ಅಮರಾವತಿ ಎಕ್ಸ್‌ಪ್ರೆಸ್ ಸಾಕು. ಅಪ್ಪನ ಹಳಿ ನೇರವಾಗಿ ಅಲ್ಲಿಗೇ ಮುಟ್ಟುತ್ತದೆ.