ನೈಜಕಾಲಿಕ ಲಿನಕ್ಸ್

ನೈಜಕಾಲಿಕ ಲಿನಕ್ಸ್ ಎಂದರೆ, ನಿಗದಿತ ಗಡುವಿನೊಳಗೆ ಪ್ರತಿಕ್ರಿಯೆ ನೀಡಲೇಬೇಕಾದ ಯಂತ್ರಗಳಲ್ಲಿ ಬಳಸಲು ತಕ್ಕಂತೆ ಮಾರ್ಪಡಿಸಿದ ಲಿನಕ್ಸ್ ಕರ್ನಲ್. ಕಾರ್ಖಾನೆಯ ರೋಬಾಟ್ ತೋಳುಗಳು, ಲೋಹ ಕೊರೆಯುವ ಯಂತ್ರಗಳು, ಧ್ವನಿಮುದ್ರಣ ಸಾಧನಗಳು ಮುಂತಾದವುಗಳೊಳಗೆ ಹುದುಗಿರುವ ಗಣಕಗಳಲ್ಲಿ ಇದು ಬಳಕೆಯಾಗುತ್ತದೆ. ಹೀಗೆ ಯಂತ್ರದ ಒಳಗೇ ಇದ್ದು ಅದೊಂದೇ ಕೆಲಸವನ್ನು ನಿರ್ವಹಿಸುವ ಗಣಕಕ್ಕೆ ಎಂಬೆಡೆಡ್ ವ್ಯವಸ್ಥೆ ಎಂದು ಹೆಸರು. ಸುಮಾರು ಇಪ್ಪತ್ತು ವರ್ಷಗಳ ಕಾಲ ಪ್ರತ್ಯೇಕ ತಿದ್ದುಪಡಿಗಳ ಸರಣಿಯಾಗಿ ಬೆಳೆದ ಈ ಮಾರ್ಪಾಡು ೨೦೨೪ರಲ್ಲಿ ಲಿನಕ್ಸ್‌ನ ಮುಖ್ಯ ಆಕರಕ್ಕೆ ಪೂರ್ಣವಾಗಿ ಸೇರಿತು.

ಪದದ ಅರ್ಥ

"ರಿಯಲ್ ಟೈಮ್" ಎಂಬುದನ್ನು ಪತ್ರಿಕೆಗಳು "ತಕ್ಷಣ" ಎಂಬ ಅರ್ಥದಲ್ಲಿ ಬಳಸುವುದುಂಟು. ತಂತ್ರಾಂಶ ಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಇಲ್ಲಿ ವೇಗಕ್ಕಿಂತ ಮುಖ್ಯವಾದುದು ಸಮಯಪಾಲನೆ. ಉತ್ತರ ಸರಿಯಾಗಿದ್ದರೆ ಸಾಲದು, ಅದು ಗೊತ್ತಾದ ಗಡುವಿನೊಳಗೆ ಬಂದಿರಲೂ ಬೇಕು. ತಡವಾಗಿ ಬಂದ ಸರಿಯುತ್ತರವನ್ನೂ ತಪ್ಪುತ್ತರವೆಂದೇ ಪರಿಗಣಿಸಲಾಗುತ್ತದೆ. ಮುಹೂರ್ತ ಮೀರಿದ ಮೇಲೆ ತಂದ ತಾಳಿ ಅಪ್ಪಟ ಚಿನ್ನದ್ದೇ ಆಗಿದ್ದರೂ ಪ್ರಯೋಜನವೇನು? ಕಾರು ಡಿಕ್ಕಿ ಹೊಡೆದಾಗ ಅದರೊಳಗಿನ ಗಾಳಿಚೀಲ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಉಬ್ಬಬೇಕು. ಒಂದು ಸೆಕೆಂಡು ಕಳೆದ ಮೇಲೆ ಉಬ್ಬಿದ ಚೀಲ ಯಾರನ್ನೂ ಉಳಿಸದು.

ಗಡುವು ತಪ್ಪಿದರೆ ಅನಾಹುತವೇ ಆಗುವಂಥ ವ್ಯವಸ್ಥೆಯನ್ನು ಕಠಿಣ ನೈಜಕಾಲಿಕವೆಂದೂ, ತಪ್ಪಿದರೆ ಗುಣಮಟ್ಟ ಮಾತ್ರ ಕುಸಿಯುವಂಥದನ್ನು ಮೃದು ನೈಜಕಾಲಿಕವೆಂದೂ ವಿಂಗಡಿಸುತ್ತಾರೆ. ಗಾಳಿಚೀಲ ಮೊದಲನೆಯದಕ್ಕೂ, ನಡುವೆ ತಡವರಿಸುವ ವಿಡಿಯೊ ಕರೆ ಎರಡನೆಯದಕ್ಕೂ ಉದಾಹರಣೆ.

ಸಾಮಾನ್ಯ ಲಿನಕ್ಸ್ ಏಕೆ ಸಾಲದು

ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್, ಮೇಜಿನ ಮೇಲಿನ ಗಣಕಗಳಲ್ಲಿಯೂ ಸರ್ವರ್‌ಗಳಲ್ಲಿಯೂ ಬೆಳೆಯಿತು. ಅಲ್ಲಿ ಬೇಕಾದುದು ಎರಡು: ಎಲ್ಲ ಕಾರ್ಯಗಳಿಗೂ ನ್ಯಾಯವಾದ ಪಾಲು ಮತ್ತು ಒಟ್ಟಾರೆ ಹೆಚ್ಚು ಕೆಲಸ. ನೈಜಕಾಲಿಕ ವ್ಯವಸ್ಥೆಯಲ್ಲಿ ಈ ನ್ಯಾಯಬುದ್ಧಿಯೇ ದೋಷವಾಗುತ್ತದೆ. ತುರ್ತಿನ ಕಾರ್ಯವೊಂದು ಕಾದಿರುವಾಗ ಉಳಿದವೆಲ್ಲ ಬದಿಗೆ ಸರಿಯಬೇಕಾಗುತ್ತದೆಯೇ ಹೊರತು ಪಾಲು ಕೇಳುವಂತಿಲ್ಲ.

ಸರಾಸರಿಯೂ ಇಲ್ಲಿ ನೆರವಿಗೆ ಬಾರದು. ಒಂದು ವ್ಯವಸ್ಥೆ ೯೯೯ ಬಾರಿ ೧೦ ಮೈಕ್ರೋಸೆಕೆಂಡಿನಲ್ಲಿ ಉತ್ತರಿಸಿ, ಒಂದು ಬಾರಿ ಮಾತ್ರ ೨೦ ಮಿಲಿಸೆಕೆಂಡು ತೆಗೆದುಕೊಂಡಿತೆನ್ನೋಣ. ಅದರ ಸರಾಸರಿ ಸುಮಾರು ೩೦ ಮೈಕ್ರೋಸೆಕೆಂಡು, ನೋಡಲು ಸೊಗಸಾಗಿಯೇ ಇದೆ. ಆದರೆ ಆ ಒಂದು ಬಾರಿ ರೋಬಾಟಿನ ತೋಳು ಎಲ್ಲಿತ್ತು, ಅದರ ಮುಂದೆ ಯಾರು ನಿಂತಿದ್ದರು ಎಂಬುದನ್ನು ಸರಾಸರಿ ಹೇಳುವುದಿಲ್ಲ. ಆದ್ದರಿಂದ ಈ ಕ್ಷೇತ್ರದಲ್ಲಿ ಅಳೆಯುವುದು ಅತಿ ಕೆಟ್ಟ ವಿಳಂಬವನ್ನು.

ಸಾಮಾನ್ಯ ಕರ್ನಲ್‌ನಲ್ಲಿ ಇಂಥ ವಿಳಂಬಕ್ಕೆ ಎಡೆಗಳು ಅನೇಕ. ಕರ್ನಲ್ ತನ್ನ ದತ್ತಾಂಶಗಳನ್ನು ತಿದ್ದುವಾಗ ಅವುಗಳಿಗೆ ಬೀಗ ಹಾಕಿಕೊಳ್ಳುತ್ತದೆ. ಬೀಗ ತೆರೆಯುವವರೆಗೆ ಆ ಪ್ರೊಸೆಸರ್ ಮೇಲೆ ಬೇರೆ ಕಾರ್ಯಕ್ಕೆ ಅವಕಾಶವಿಲ್ಲ. ಡಿಸ್ಕ್, ಜಾಲ ಮೊದಲಾದ ಸಾಧನಗಳು ಗಮನ ಸೆಳೆಯಲು ಕಳುಹಿಸುವ ಇಂಟರಪ್ಟ್ ಸಂಕೇತಗಳು ತುರ್ತು ಕಾರ್ಯವನ್ನೂ ತಡೆದು ನಿಲ್ಲಿಸುತ್ತವೆ.

ತಲೆಕೆಳಗಾದ ಆದ್ಯತೆ

ವಿಳಂಬದ ಕಾರಣಗಳಲ್ಲಿ ಅತ್ಯಂತ ಕುಟಿಲವಾದುದು ಆದ್ಯತೆ ತಲೆಕೆಳಗಾಗುವುದು. ಶಾಲೆಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಮುಖ್ಯೋಪಾಧ್ಯಾಯರಿಗೆ ಹಾಜರಿ ಪುಸ್ತಕ ತುರ್ತಾಗಿ ಬೇಕು. ಪುಸ್ತಕ ಜವಾನನ ಕೈಯಲ್ಲಿದೆ. ಅಷ್ಟರಲ್ಲಿ ಸಹಶಿಕ್ಷಕರೊಬ್ಬರು ಜವಾನನನ್ನು ನಿಲ್ಲಿಸಿಕೊಂಡು ತಮ್ಮ ಕೆಲಸಗಳನ್ನು ಒಂದಾದ ಮೇಲೊಂದರಂತೆ ಹೇಳತೊಡಗುತ್ತಾರೆ. ಸಹಶಿಕ್ಷಕರಿಗೆ ಪುಸ್ತಕದ ವಿಷಯವೇ ತಿಳಿಯದು, ಜವಾನನಿಗೆ ಅವರ ಮಾತು ಮೀರಲು ಅಧಿಕಾರವಿಲ್ಲ. ಹೀಗೆ ಶಾಲೆಯ ಅತ್ಯುನ್ನತ ಅಧಿಕಾರಿ, ತನಗಿಂತ ಕೆಳಗಿನವರ ಕೆಲಸ ಮುಗಿಯುವವರೆಗೆ ಕಾಯುತ್ತ ಕೂರುತ್ತಾರೆ.

ಇದೇ ಪ್ರಸಂಗ ಮಂಗಳ ಗ್ರಹದ ಮೇಲೆ ನಡೆಯಿತು. ನಾಸಾದ ಮಾರ್ಸ್ ಪಾತ್‌ಫೈಂಡರ್ ನೌಕೆ ೧೯೯೭ರ ಜುಲೈ ೪ರಂದು ಅಲ್ಲಿ ಇಳಿಯಿತು. ಕೆಲವು ದಿನಗಳಲ್ಲಿ ಅದರ ಗಣಕ ತಾನಾಗಿಯೇ ಮತ್ತೆ ಮತ್ತೆ ಮರುಪ್ರಾರಂಭಗೊಳ್ಳತೊಡಗಿತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು. ನೌಕೆಯೊಳಗೆ ಮಾಹಿತಿ ಹಂಚುವ ಕಾರ್ಯಕ್ಕೆ ಮೇಲಿನ ಆದ್ಯತೆಯಿತ್ತು. ಹವಾಮಾನದ ಅಳತೆ ಸಂಗ್ರಹಿಸುವ ಕಾರ್ಯಕ್ಕಿದ್ದುದು ಕೆಳಗಿನ ಆದ್ಯತೆ. ಎರಡೂ ಒಂದೇ ಬೀಗವನ್ನು ಹಂಚಿಕೊಂಡಿದ್ದವು. ಹವಾಮಾನದ ಕಾರ್ಯ ಬೀಗ ಹಿಡಿದಿರುವಾಗಲೇ ಮಧ್ಯಮ ಆದ್ಯತೆಯ ಕಾರ್ಯಗಳು ಅದನ್ನು ತಡೆದರೆ, ಮಾಹಿತಿ ಹಂಚುವ ಕಾರ್ಯ ತನ್ನ ಗಡುವನ್ನು ತಪ್ಪಿಸಿಕೊಳ್ಳುತ್ತಿತ್ತು. ಗಡುವು ತಪ್ಪಿದ್ದನ್ನು ಕಂಡ ಕಾವಲು ವ್ಯವಸ್ಥೆ ಗಣಕವನ್ನೇ ಮರುಪ್ರಾರಂಭಿಸುತ್ತಿತ್ತು. ಭೂಮಿಯ ಮೇಲೆ ನೌಕೆಯ ಪ್ರತಿರೂಪವನ್ನು ಓಡಿಸಿ, ಪ್ರತಿ ಹೆಜ್ಜೆಯನ್ನೂ ದಾಖಲಿಸಿಕೊಂಡು, ಅದೇ ದೋಷ ಮರುಕಳಿಸುವವರೆಗೆ ಎಂಜಿನಿಯರುಗಳು ಕಾದರು.

ಪರಿಹಾರ ಮೊದಲೇ ತಿಳಿದಿದ್ದ ಆದ್ಯತೆಯ ಉತ್ತರಾಧಿಕಾರವೇ ಆಗಿತ್ತು. ಲ್ಯೂಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಸ್ಕಿ ೧೯೯೦ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಶಾಸ್ತ್ರೀಯವಾಗಿ ವಿವರಿಸಿದೆ. ಹಾಜರಿ ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಜವಾನನಿಗೆ ಮುಖ್ಯೋಪಾಧ್ಯಾಯರ ಅಧಿಕಾರವೇ ಬರುತ್ತದೆ ಎಂಬುದು ಅದರ ಸಾರ. ಪುಸ್ತಕ ಒಪ್ಪಿಸಿದೊಡನೆ ಆ ಅಧಿಕಾರ ಇಳಿಯುತ್ತದೆ. ಪಾತ್‌ಫೈಂಡರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಸೌಲಭ್ಯ ಇತ್ತಾದರೂ ಆ ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಭೂಮಿಯಿಂದ ಸಂದೇಶ ಕಳುಹಿಸಿ ಚಾಲೂ ಮಾಡಲಾಯಿತು. ಆ ವ್ಯವಸ್ಥೆ ವಿಎಕ್ಸ್‌ವರ್ಕ್ಸ್, ಮುಕ್ತ ತಂತ್ರಾಂಶವಲ್ಲ. ಆದರೂ ಈ ಪ್ರಸಂಗ ಮುಕ್ತ ತಂತ್ರಾಂಶದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವುದು ಸಹಜ: ಒಳಗಿನ ಹೆಜ್ಜೆಗಳನ್ನು ನೋಡಲು ಸಾಧ್ಯವಿದ್ದುದರಿಂದಲೇ ದೋಷ ಸಿಕ್ಕಿತು.

ಎರಡು ಮಾರ್ಗಗಳು

ಲಿನಕ್ಸನ್ನು ನೈಜಕಾಲಿಕವಾಗಿಸುವ ಮೊದಲ ಮಾರ್ಗ, ಅದನ್ನು ತಿದ್ದುವ ಬದಲು ಅದರ ಕೆಳಗೆ ಮತ್ತೊಂದು ಪುಟ್ಟ ಕರ್ನಲ್ ಇಡುವುದು. ೧೯೯೦ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಟೆಕ್ ಸಂಸ್ಥೆಯಲ್ಲಿ ವಿಕ್ಟರ್ ಯೊಡೈಕನ್ ಮತ್ತು ಮೈಕೆಲ್ ಬರಬನೋವ್ ರೂಪಿಸಿದ ಆರ್‌ಟಿಲಿನಕ್ಸ್ ಇಂಥದು. ಪುಟ್ಟ ಕರ್ನಲ್ ಎಲ್ಲ ಇಂಟರಪ್ಟ್‌ಗಳನ್ನೂ ತಾನೇ ಮೊದಲು ಹಿಡಿಯುತ್ತದೆ. ಇಡೀ ಲಿನಕ್ಸ್ ಅದರ ಕಣ್ಣಿಗೆ ಅತ್ಯಂತ ಕೆಳಗಿನ ಆದ್ಯತೆಯ ಒಂದು ಕಾರ್ಯ ಮಾತ್ರ, ಬಿಡುವಿದ್ದಾಗ ಓಡಬೇಕಾದುದು. ಉಪಾಯ ಚತುರವಾದದ್ದು. ಆದರೆ ಇದರ ಮೂಲ ತಂತ್ರಕ್ಕೆ ೧೯೯೯ರಲ್ಲಿ ಅಮೆರಿಕದ ಪೇಟೆಂಟ್ ದೊರೆತದ್ದು ವಿವಾದಕ್ಕೆ ಕಾರಣವಾಯಿತು. ಜಿಪಿಎಲ್ ಪರವಾನಗಿಯ ತಂತ್ರಾಂಶಗಳಿಗೆ ಶುಲ್ಕವಿಲ್ಲದ ಬಳಕೆಗೆ ಅವಕಾಶವಿದ್ದರೂ ಅನುಮಾನ ಅಳಿಯಲಿಲ್ಲ. ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿ ಪಾವೊಲೊ ಮಾಂಟೆಗಾಜಾ ಆರಂಭಿಸಿದ ಆರ್‌ಟಿಎಐ ಮತ್ತು ಮುಂದೆ ಬಂದ ಕ್ಸೆನೊಮೈ ಕೂಡ ಎರಡು ಕರ್ನಲ್‌ಗಳ ಮಾರ್ಗದವೇ. ಈ ಮಾರ್ಗದ ನಿಜವಾದ ಕೊರತೆ ಮಾತ್ರ ಪೇಟೆಂಟಲ್ಲ. ತುರ್ತು ಕಾರ್ಯವನ್ನು ಪುಟ್ಟ ಕರ್ನಲ್‌ಗಾಗಿಯೇ ಬರೆಯಬೇಕು, ಲಿನಕ್ಸ್‌ನ ಸೌಲಭ್ಯಗಳನ್ನು ಮುಟ್ಟಿದೊಡನೆ ಸಮಯದ ಭರವಸೆ ಹೋಗುತ್ತದೆ.

ಎರಡನೆಯ ಮಾರ್ಗ ಕಷ್ಟದ್ದು: ಲಿನಕ್ಸ್ ಕರ್ನಲ್‌ನ ಒಳಗನ್ನೇ ತಿದ್ದುವುದು. ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ೨೦೦೪ರ ಸುಮಾರಿಗೆ ಆರಂಭಿಸಿದ ಪ್ರೀಎಂಪ್ಟ್-ಆರ್‌ಟಿ ಎಂಬ ತಿದ್ದುಪಡಿ ಸರಣಿ ಈ ಬಗೆಯದು. ಬೀಗಕ್ಕಾಗಿ ಸುತ್ತುತ್ತಲೇ ಕಾಯುವ ಪದ್ಧತಿಯನ್ನು ಬಹುಪಾಲು ತೆಗೆದು, ಕಾಯುವ ಕಾರ್ಯ ನಿದ್ರಿಸುವಂತೆಯೂ ಆದ್ಯತೆಯ ಉತ್ತರಾಧಿಕಾರ ಪಾಲನೆಯಾಗುವಂತೆಯೂ ಬದಲಿಸಿದರು. ಇಂಟರಪ್ಟ್‌ಗಳ ನಿರ್ವಹಣೆಯನ್ನು ಆದ್ಯತೆಯುಳ್ಳ ಸಾಮಾನ್ಯ ಕಾರ್ಯಗಳ ಸಾಲಿಗೆ ತಂದರು. ಇದರ ಫಲವಾಗಿ, ಕರ್ನಲ್ ತನ್ನ ಕೆಲಸದ ನಡುವೆ ಇದ್ದಾಗಲೂ ತುರ್ತು ಕಾರ್ಯ ಅದನ್ನು ಬದಿಗೆ ಸರಿಸಿ ಓಡಬಲ್ಲದು.

ಈ ಕೆಲಸದ ಅನೇಕ ಭಾಗಗಳು ಒಂದೊಂದಾಗಿ ಮುಖ್ಯ ಕರ್ನಲ್‌ಗೆ ಸೇರುತ್ತ ಹೋದವು. ಇಂದು ಯಾವ ಲಿನಕ್ಸ್ ಬಳಕೆದಾರನೂ ಅರಿಯದೆಯೇ ಅವುಗಳ ಪ್ರಯೋಜನ ಪಡೆಯುತ್ತಿದ್ದಾನೆ. ಸೂಕ್ಷ್ಮ ಕಾಲಮಾಪಕಗಳ ವ್ಯವಸ್ಥೆ ಅವುಗಳಲ್ಲೊಂದು. ಕೊನೆಯವರೆಗೆ ಕಾಡಿದ್ದು ಕರ್ನಲ್ ತನ್ನ ಸಂದೇಶಗಳನ್ನು ಪರದೆಗೆ ಬರೆಯುವ ಪ್ರಿಂಟ್‌ಕೆ ಎಂಬ ಅತಿ ಸಾಮಾನ್ಯ ಸೌಲಭ್ಯ! ಕುಸಿಯುತ್ತಿರುವ ಗಣಕವೂ ತನ್ನ ಕೊನೆಯ ಮಾತನ್ನು ಹೇಳಿಯೇ ಸಾಯಬೇಕು, ಆದರೆ ಮಾತಾಡುವ ಭರದಲ್ಲಿ ತುರ್ತು ಕಾರ್ಯವನ್ನು ತಡೆಯಬಾರದು ಎಂಬ ಎರಡು ಬೇಡಿಕೆಗಳನ್ನು ಹೊಂದಿಸಲು ವರ್ಷಗಳೇ ಹಿಡಿದವು. ೨೦೨೪ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸ್ ಅಂತಿಮ ತಿದ್ದುಪಡಿಗಳನ್ನು ಸ್ವೀಕರಿಸಿದರು. ಅದೇ ನವೆಂಬರಿನಲ್ಲಿ ಹೊರಬಂದ ೬.೧೨ನೆಯ ಆವೃತ್ತಿಯಿಂದ ಎಕ್ಸ್೮೬, ೬೪-ಬಿಟ್ ಆರ್ಮ್ ಮತ್ತು ರಿಸ್ಕ್-ವಿ ಪ್ರೊಸೆಸರ್‌ಗಳಲ್ಲಿ ಈ ಆಯ್ಕೆ ನೇರವಾಗಿ ಲಭ್ಯವಿದೆ.

ತಂತ್ರಾಂಶ ಬರೆಯುವ ಕ್ರಮ

ಕರ್ನಲ್ ನೈಜಕಾಲಿಕವಾದ ಮಾತ್ರಕ್ಕೆ ಅದರ ಮೇಲೆ ಓಡುವ ತಂತ್ರಾಂಶ ಹಾಗಾಗುವುದಿಲ್ಲ. ಬರೆಯುವವರು ಪಾಲಿಸಬೇಕಾದ ಶಿಸ್ತು ಸಾಕಷ್ಟಿದೆ. ತುರ್ತು ಕಾರ್ಯಕ್ಕೆ ಸ್ಥಿರವಾದ ಆದ್ಯತೆ ಕೊಡಬೇಕು. ಅದಕ್ಕೆ ಬೇಕಾದ ಮೆಮೊರಿಯನ್ನೆಲ್ಲ ಆರಂಭದಲ್ಲಿಯೇ ಪಡೆದು, ಡಿಸ್ಕಿಗೆ ಸರಿದುಹೋಗದಂತೆ ಕಟ್ಟಿಹಾಕಬೇಕು. ಅಡುಗೆಗೆ ಕೂತ ಮೇಲೆ ಅಕ್ಕಿ ತರಲು ಅಂಗಡಿಗೆ ಓಡುವಂತಿಲ್ಲ. ಕಡತಕ್ಕೆ ಬರೆಯುವುದು, ಜಾಲದಿಂದ ಓದುವುದು ಮುಂತಾದ ಅನಿಶ್ಚಿತ ಅವಧಿಯ ಕೆಲಸಗಳನ್ನು ಬೇರೆ ಕಾರ್ಯಕ್ಕೆ ಒಪ್ಪಿಸಬೇಕು. ಹಲವು ಪ್ರೊಸೆಸರ್‌ಗಳಿದ್ದಲ್ಲಿ ಒಂದನ್ನು ತುರ್ತು ಕಾರ್ಯಕ್ಕೇ ಮೀಸಲಿಡುವುದೂ ಉಂಟು. ಆದ್ಯತೆಯ ಬದಲು ಗಡುವನ್ನೇ ನೇರವಾಗಿ ತಿಳಿಸುವ ಸೌಲಭ್ಯ ೨೦೧೪ರ ೩.೧೪ನೆಯ ಆವೃತ್ತಿಯಿಂದ ಲಿನಕ್ಸ್‌ನಲ್ಲಿದೆ.

ಬರೆದುದನ್ನು ಅಳೆಯಲು ಸೈಕ್ಲಿಕ್‌ಟೆಸ್ಟ್ ಎಂಬ ಮುಕ್ತ ಸಾಧನ ರೂಢಿಯಲ್ಲಿದೆ. ಅದು ನಿಗದಿತ ಹೊತ್ತಿಗೆ ಏಳುವಂತೆ ಗಡಿಯಾರವಿಟ್ಟು ಮಲಗಿ, ಎದ್ದಾಗ ಎಷ್ಟು ತಡವಾಯಿತೆಂದು ಗುರುತಿಸಿಕೊಳ್ಳುತ್ತದೆ. ಗಣಕದ ಮೇಲೆ ಬೇರೆ ಭಾರವನ್ನು ಬೇಕೆಂದೇ ಹೇರಿ ಇದನ್ನು ಓಡಿಸಬೇಕು. ಬಿಡುವಾಗಿರುವ ಗಣಕದ ಅಳತೆಯಿಂದ ಏನೂ ತಿಳಿಯದು. ೨೦೦ ಮೈಕ್ರೋಸೆಕೆಂಡಿಗೊಮ್ಮೆಯಂತೆ ಹತ್ತು ಕೋಟಿ ಬಾರಿ ಅಳೆಯಲು ಐದೂವರೆ ಗಂಟೆ ಹಿಡಿಯುತ್ತದೆ. ಜರ್ಮನಿಯ ಒಎಸ್‌ಎಡಿಎಲ್ ಸಂಸ್ಥೆ ಹಲವು ಬಗೆಯ ಗಣಕಗಳನ್ನು ಹೀಗೆ ನಿರಂತರವಾಗಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತದೆ. ಆದರೂ ಅಳತೆ ಗಣಿತದ ಸಾಧನೆಯಲ್ಲ. ಹತ್ತು ಕೋಟಿ ಬಾರಿ ಕಾಣದ ವಿಳಂಬ ಮುಂದಿನ ಬಾರಿ ಕಾಣದೆಂದು ಯಾರೂ ಪ್ರಮಾಣ ಮಾಡಲಾರರು.

ಮಂಗಳದ ಹೆಲಿಕಾಪ್ಟರ್

ಕೆಲಸವನ್ನು ಸರಿಯಾಗಿ ಹಂಚುವುದಕ್ಕೆ ಒಳ್ಳೆಯ ನಿದರ್ಶನ ನಾಸಾದ ಇಂಜೆನ್ಯುಯಿಟಿ. ೨೦೨೧ರ ಏಪ್ರಿಲ್ ೧೯ರಂದು ಮಂಗಳದಲ್ಲಿ ಮೊದಲ ಬಾರಿಗೆ ಹಾರಿದ ಈ ಪುಟ್ಟ ಹೆಲಿಕಾಪ್ಟರಿನಲ್ಲಿ ಲಿನಕ್ಸ್ ಇತ್ತು. ಅದರ ಮೇಲೆ ಎಫ್ ಪ್ರೈಮ್ ಎಂಬ ಮುಕ್ತ ತಂತ್ರಾಂಶ ಚೌಕಟ್ಟು ಓಡುತ್ತಿತ್ತು. ಆದರೆ ಸೆಕೆಂಡಿಗೆ ೫೦೦ ಬಾರಿ ರೆಕ್ಕೆಗಳನ್ನು ಸರಿಹೊಂದಿಸುವ ಹೊಣೆಯನ್ನು ಲಿನಕ್ಸ್‌ಗೆ ಕೊಟ್ಟಿರಲಿಲ್ಲ, ಅದಕ್ಕಾಗಿ ಪ್ರತ್ಯೇಕ ಮೈಕ್ರೋಕಂಟ್ರೋಲರ್‌ಗಳಿದ್ದವು. ಲಿನಕ್ಸ್ ನೋಡಿಕೊಂಡದ್ದು ಸೆಕೆಂಡಿಗೆ ೩೦ರಂತೆ ಬರುವ ನೆಲದ ಚಿತ್ರಗಳಿಂದ ದಾರಿ ಗುರುತಿಸುವ ಕೆಲಸವನ್ನು.

ಆರನೆಯ ಹಾರಾಟದಲ್ಲಿ, ೨೦೨೧ರ ಮೇ ೨೨ರಂದು, ಒಂದೇ ಒಂದು ಚಿತ್ರ ಕಳೆದುಹೋಯಿತು. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಆ ಬಳಿಕದ ಪ್ರತಿ ಚಿತ್ರಕ್ಕೂ ತಪ್ಪಾದ ಸಮಯದ ಮುದ್ರೆ ಬಿತ್ತು. ಹಿಂದಿನ ಕ್ಷಣದ ನೆಲವನ್ನು ಈ ಕ್ಷಣದ್ದೆಂದು ನಂಬಿದ ಯಂತ್ರ, ಇಲ್ಲದ ತಪ್ಪುಗಳನ್ನು ತಿದ್ದಿಕೊಳ್ಳಲು ಹೋಗಿ ೨೦ ಡಿಗ್ರಿಗೂ ಮಿಕ್ಕಿ ಅತ್ತಿತ್ತ ವಾಲಾಡಿತು. ವಿನ್ಯಾಸಕಾರರು ಸ್ಥಿರತೆಗೆ ಧಾರಾಳವಾಗಿ ಅವಕಾಶ ಬಿಟ್ಟಿದ್ದುದರಿಂದಲೂ, ಇಳಿಯುವ ಕೊನೆಯ ಹಂತದಲ್ಲಿ ಚಿತ್ರಗಳನ್ನು ಬಳಸದಂತೆ ಮೊದಲೇ ಏರ್ಪಡಿಸಿದ್ದುದರಿಂದಲೂ ಅದು ಗುರಿಯಿಂದ ಸುಮಾರು ಐದು ಮೀಟರಿನೊಳಗೆ ಕ್ಷೇಮವಾಗಿ ಇಳಿಯಿತು. ಐದು ಹಾರಾಟಗಳಿಗೆಂದು ಕಳುಹಿಸಿದ ಆ ಯಂತ್ರ ೨೦೨೪ರ ಜನವರಿಯವರೆಗೆ ೭೨ ಬಾರಿ ಹಾರಿತು.

ಇತರ ಮುಕ್ತ ವ್ಯವಸ್ಥೆಗಳು

ಕೆಲವೇ ಕಿಲೋಬೈಟುಗಳ ಮೆಮೊರಿಯುಳ್ಳ ಸಣ್ಣ ಚಿಪ್ಪುಗಳಲ್ಲಿ ಲಿನಕ್ಸ್ ಹಿಡಿಸದು. ಅಲ್ಲಿ ರಿಚರ್ಡ್ ಬ್ಯಾರಿ ಆರಂಭಿಸಿದ ಫ್ರೀಆರ್‌ಟಿಒಎಸ್ (೨೦೧೭ರಿಂದ ಅಮೆಜಾನ್ ಪೋಷಣೆಯಲ್ಲಿದೆ), ಲಿನಕ್ಸ್ ಫೌಂಡೇಶನ್ ೨೦೧೬ರಲ್ಲಿ ಆರಂಭಿಸಿದ ಜೆಫಿರ್, ಡ್ರೋನುಗಳಲ್ಲಿ ಬಳಕೆಯಲ್ಲಿರುವ ನಟ್‌ಎಕ್ಸ್ ಇವೆ. ಅಮೆರಿಕದ ಸೇನೆಯ ಕ್ಷಿಪಣಿ ವಿಭಾಗದಲ್ಲಿ ಹುಟ್ಟಿದ ಆರ್‌ಟಿಇಎಂಎಸ್ ಇಂದು ಬಾಹ್ಯಾಕಾಶ ನೌಕೆಗಳಲ್ಲಿದೆ. ಅದರ ಹೆಸರಿನ "ಎಂ" ಮೊದಲು ಕ್ಷಿಪಣಿಯನ್ನು ಸೂಚಿಸುತ್ತಿದ್ದು, ಈಗ ಬಹುಪ್ರೊಸೆಸರ್ ಎಂಬ ಸೌಮ್ಯ ಅರ್ಥ ಪಡೆದಿದೆ.

ಮಿತಿಗಳು

ಆಕರ ಮುಕ್ತವಾಗಿದೆಯೆಂದ ಮಾತ್ರಕ್ಕೆ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ. ಅನೇಕ ಎಕ್ಸ್೮೬ ಗಣಕಗಳಲ್ಲಿ ತಯಾರಕರ ಮೂಲ ತಂತ್ರಾಂಶವು ತಾಪ ನಿಯಂತ್ರಣ ಮುಂತಾದ ಕಾರಣಗಳಿಗಾಗಿ ಕಾರ್ಯಾಚರಣ ವ್ಯವಸ್ಥೆಗೆ ತಿಳಿಯದಂತೆ ಪ್ರೊಸೆಸರನ್ನು ಕ್ಷಣಕಾಲ ವಶಕ್ಕೆ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಮೂರ್ಛೆ ಹೋದಂತೆ. ಎಷ್ಟು ಜಾಣ ಕರ್ನಲ್ ಆದರೂ ಇದನ್ನು ತಡೆಯಲಾರದು, ಸರಿಯಾದ ಯಂತ್ರಾಂಶವನ್ನು ಆರಿಸುವುದೊಂದೇ ದಾರಿ. ಜೀವರಕ್ಷಣೆಯ ಸಾಧನಗಳಿಗೆ ಬೇಕಾದ ಸುರಕ್ಷತಾ ಪ್ರಮಾಣಪತ್ರದ ವಿಷಯವೂ ಬಾಕಿಯಿದೆ. ತಂತ್ರಾಂಶ ಹೇಗೆ ವಿನ್ಯಾಸಗೊಂಡಿತೆಂಬ ಹಂತಹಂತದ ದಾಖಲೆಯನ್ನು ಆ ಮಾನದಂಡಗಳು ಕೇಳುತ್ತವೆ, ಸಾವಿರಾರು ಜನ ಕೂಡಿ ಬೆಳೆಸಿದ ಕೋಟ್ಯಂತರ ಸಾಲುಗಳ ಕರ್ನಲ್‌ಗೆ ಅಂಥ ದಾಖಲೆ ಇಲ್ಲ. ಈ ಅಂತರವನ್ನು ತುಂಬುವ ಪ್ರಯತ್ನಕ್ಕೆ ಲಿನಕ್ಸ್ ಫೌಂಡೇಶನ್ ೨೦೧೯ರಲ್ಲಿ ಎಲಿಸಾ ಎಂಬ ಯೋಜನೆಯನ್ನು ಆರಂಭಿಸಿತು.